ಆಡುವುದಿಲ್ಲ, ನೋಡುವುದು ಮಾತ್ರ



ಪ್ರವಾಸವನ್ನು ಇಸ್ಲಾಮ್ ತಡೆಯುವುದಿಲ್ಲ. ಭೂಮಿಯಲ್ಲಿ ಸಂಚರಿಸಿ ಹಿಂದಿನ ಜನಾಂಗಗಳ ಗತಿಯನ್ನು ಕಂಡು ಪಾಠ ಕಲಿಯಬೇಕೆಂದು ಪವಿತ್ರ ಕುರ್‌ಆನ್ ಹಲವು ಕಡೆ ಪ್ರೇರೇಪಿಸುತ್ತದೆ. ಪ್ರಯಾಣಿಕನಿಗೆ ನಮಾಝನ್ನು ಮೊಟಕುಗೊಳಿಸಲು, ಉಪವಾಸವನ್ನು ಮುಂದೂಡಲು ಅನುಮತಿ ಕೊಟ್ಟ ಧರ್ಮವಿದು. ಆದರೆ ಊರು ದಾಟಿದ ಮಾತ್ರಕ್ಕೆ ಹಲಾಲ್ ಹರಾಮ್‌ಗಳ ಎಲ್ಲೆ ಅಳಿಸಿಹೋಗುವುದಿಲ್ಲ. ಮನೆಯಲ್ಲಿ ನಮ್ಮನ್ನು ನೋಡುವ ಅಲ್ಲಾಹನೇ ಹೊರಗೂ ನೋಡುತ್ತಾನೆ.

ಕಳೆದ ರಜೆಯಲ್ಲಿ ಅಕ್ಕನ ಕುಟುಂಬದೊಂದಿಗೆ ಗೋವಾಕ್ಕೆ ಹೋಗಿದ್ದೆವು. ಪಣಜಿಯ ಹತ್ತಿರ ಒಂದು ರೆಸಾರ್ಟಿನಲ್ಲಿ ಎರಡು ರಾತ್ರಿ ತಂಗಿದೆವು. ಮೊದಲ ದಿನ ಸಂಜೆ ಮಾಂಡೋವಿ ನದಿಯ ದಂಡೆಗೆ ಹೋದೆವು. ದಂಡೆಯ ಮೇಲೆ ಆದಿಲ್‌ಶಾಹಿ ಅರಮನೆಯಿದೆ. ಬಿಜಾಪುರದ ಸುಲ್ತಾನರದಾಗಿದ್ದು, ಪೋರ್ಚುಗೀಸರ ಕೈಸೇರಿ, ಮುಂದೆ ಗೋವಾದ ಸಚಿವಾಲಯವೂ ಆಗಿದ್ದ ಕಟ್ಟಡ. ಆ ಹಳೆಯ ಅರಮನೆಯ ಮುಂದಿನ ನದಿಯಲ್ಲಿಯೇ ಬಣ್ಣದ ದೀಪಗಳಿಂದ ಹೊಳೆಯುವ ಕ್ಯಾಸಿನೊ ಹಡಗುಗಳು ಲಂಗರು ಹಾಕಿ ನಿಂತಿವೆ. ಸಣ್ಣ ದೋಣಿಗಳು ಜನರನ್ನು ತುಂಬಿಕೊಂಡು ಅತ್ತ ಸಾಗುತ್ತಿದ್ದವು. ಸರದಿಯಲ್ಲಿ ನಿಂತವರ ನಡುವೆ ನಮ್ಮ ಕಡೆಯ ಕನ್ನಡವೂ ಕೇಳಿಸುತ್ತಿತ್ತು.

ಅಕ್ಕನ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಯುವಕ. ಅವನು ಮೆಲ್ಲಗೆ ನನ್ನ ಬಳಿ ಬಂದು, "ಮಾಮೂ, ನಾವಿಬ್ಬರೂ ಒಮ್ಮೆ ಹೋಗಿ ಬರೋಣವೇ? ಆಡುವುದಿಲ್ಲ, ನೋಡುವುದು ಮಾತ್ರ. ಊಟವೂ ಅಲ್ಲೇ ಸಿಗುತ್ತದೆ" ಎಂದ.

"ಟಿಕೆಟಿನಲ್ಲಿ ಏನೇನು ಸೇರಿದೆ?" ಎಂದು ಕೇಳಿದೆ. ಅವನು ಎಣಿಸಿದ: ಪ್ರವೇಶ, ಊಟ, ಹಾಡು ನೃತ್ಯ, ಕುಡಿಯುವವರಿಗೆ ಮದ್ಯ, ಜೊತೆಗೆ ಆಡಲು ಒಂದಿಷ್ಟು ಚಿಪ್ಸ್, ಅಂದರೆ ಹಣದ ಬದಲಿಗೆ ಕೊಡುವ ಬಿಲ್ಲೆಗಳು.

"ಹಾಗಾದರೆ ಬೇಟಾ, ನೋಡುವುದಕ್ಕೆ ಮಾತ್ರ ಎಂಬ ಟಿಕೆಟು ಎಲ್ಲಿದೆ?" ಎಂದೆ. ಅವನು ಸುಮ್ಮನಾದ.

ಸಹೋದರರೇ, ಈ 'ನೋಡುವುದು ಮಾತ್ರ' ಎಂಬ ಮಾತನ್ನು ಸ್ವಲ್ಪ ಪರಿಶೀಲಿಸೋಣ. ಅಲ್ಲಾಹನಲ್ಲಿಯೂ ಅಂತ್ಯದಿನದಲ್ಲಿಯೂ ವಿಶ್ವಾಸವಿಟ್ಟವನು ಮದ್ಯ ಹಂಚುವ ಊಟದ ಪಂಕ್ತಿಯಲ್ಲಿ ಕುಳಿತುಕೊಳ್ಳಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಕುಡಿಯಬಾರದೆಂದಷ್ಟೇ ಅಲ್ಲ, ಅಲ್ಲಿ ಕುಳಿತುಕೊಳ್ಳಲೂಬಾರದು. ಬಾ, ಜೂಜಾಡೋಣ ಎಂದು ಗೆಳೆಯನನ್ನು ಕರೆದವನು ದಾನ ನೀಡಬೇಕೆಂದೂ ಅವರು ತಿಳಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಆಡುವ ಮಾತಿರಲಿ, ಬರಿಯ ಕರೆಗೇ ಪರಿಹಾರ ಬೇಕಾಯಿತು!

ಕ್ಯಾಸಿನೊದಿಂದ ಸರಕಾರಕ್ಕೆ ತೆರಿಗೆ ಬರುತ್ತದೆ, ನೂರಾರು ಜನರಿಗೆ ಕೆಲಸ ಸಿಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಕುರ್‌ಆನ್ ಈ ಲಾಭವನ್ನು ಅಲ್ಲಗಳೆದಿಲ್ಲ. ಅಜ್ಞಾನ ಕಾಲದ ಅರಬರು ಒಂಟೆಯನ್ನು ಕೊಯ್ದು ಹತ್ತು ಬಾಣಗಳಿಂದ ಜೂಜಾಡುತ್ತಿದ್ದರು. ಏಳು ಬಾಣಗಳಿಗೆ ಪಾಲು, ಮೂರು ಖಾಲಿ. ಖಾಲಿ ಬಾಣ ಬಂದವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ಬಡವರಿಗೆ ಹಂಚುತ್ತಿದ್ದರೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಬಡವರ ಹೊಟ್ಟೆ ತುಂಬಿಸುತ್ತಿದ್ದ ಆ ಜೂಜಿನ ಬಗ್ಗೆಯೂ ಅಲ್ ಬಕರ ಅಧ್ಯಾಯವು, ಅದರಲ್ಲಿ ಕೆಲವು ಪ್ರಯೋಜನಗಳಿದ್ದರೂ ಪಾಪವೇ ದೊಡ್ಡದು ಎಂದು ತೀರ್ಮಾನಿಸಿತು. ಬಳಿಕ ಅಲ್ ಮಾಇದಃ ಅಧ್ಯಾಯವು ಅದನ್ನು ಪೂರ್ಣವಾಗಿ ನಿಷೇಧಿಸಿ ಕಾರಣವನ್ನೂ ಹೇಳಿತು: ಅದು ಪರಸ್ಪರ ಹಗೆತನವನ್ನು ಬಿತ್ತುತ್ತದೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುತ್ತದೆ.

ಇನ್ನು ಈ ವ್ಯಾಪಾರ ನಡೆಸುವವರು ತಮ್ಮವರ ಬಗ್ಗೆ ಏನು ಮಾಡಿದ್ದಾರೆಂದು ನೋಡಿರಿ. ಗೋವಾದ 1976ರ ಜೂಜು ಕಾಯಿದೆಯನ್ನು 1992ರಲ್ಲಿ ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ, 1996ರಲ್ಲಿ ಮತ್ತೆ ತಿದ್ದಿ ಹಡಗುಗಳಲ್ಲಿ ಜೂಜಿಗೆ ದಾರಿ ಮಾಡಲಾಯಿತು. ಆದರೆ 2020ರ ಫೆಬ್ರವರಿ 1ರಿಂದ ಗೋವಾದ ಜನರೇ ಕ್ಯಾಸಿನೊ ಪ್ರವೇಶಿಸುವಂತಿಲ್ಲ ಎಂದು ಅಲ್ಲಿನ ಸರಕಾರ ನಿಯಮ ತಂದಿತು. ಸಿಂಗಾಪುರದಲ್ಲಿ 2010ರಲ್ಲಿ ಕ್ಯಾಸಿನೊಗಳು ತೆರೆದಾಗ ವಿದೇಶಿಯರಿಗೆ ಪ್ರವೇಶ ಉಚಿತ; ಸ್ವಂತ ಪ್ರಜೆಗಳಿಗೆ ಮಾತ್ರ ದಿನಕ್ಕೆ 100 ಡಾಲರ್ ಶುಲ್ಕ. 2019ರಲ್ಲಿ ಅದನ್ನು 150ಕ್ಕೆ ಏರಿಸಿದರು. ತನಗಾಗಿ ಬಯಸುವುದನ್ನೇ ಸಹೋದರನಿಗೂ ಬಯಸುವವರೆಗೆ ವಿಶ್ವಾಸ ಪೂರ್ಣವಾಗದೆಂದು ಪ್ರವಾದಿ(ಸ) ಬೋಧಿಸಿದರು. ಇಲ್ಲಿ ತನ್ನ ಮನೆಯವರಿಗೆ ಬೇಡವಾದುದನ್ನು ನೆರೆಮನೆಯ ಮಕ್ಕಳಿಗೆ ಬಡಿಸಲಾಗುತ್ತಿದೆ. ಆ ನೆರೆಮನೆಯವರು ನಾವೇ.

ಅದೃಷ್ಟ ಒಲಿಯಬಹುದೆಂಬ ಆಸೆಯ ಲೆಕ್ಕವನ್ನೂ ನೋಡೋಣ. ಒಂದು ಸೊನ್ನೆಯಿರುವ ರೂಲೆಟ್ ಚಕ್ರದಲ್ಲಿ 37 ಮನೆಗಳು. ಒಬ್ಬನು ಪ್ರತಿ ಮನೆಗೂ 100 ರೂಪಾಯಿ ಕಟ್ಟಿದನೆನ್ನಿ. ಕಟ್ಟಿದ್ದು 3,700. ಚೆಂಡು ಯಾವ ಮನೆಯಲ್ಲಿ ಬಿದ್ದರೂ ಅವನಿಗೆ ಮರಳುವುದು 3,600. ಯಾರೂ ಮೋಸ ಮಾಡಲಿಲ್ಲ, ಆದರೂ 100 ರೂಪಾಯಿ ಕ್ಯಾಸಿನೊದವನ ಪಾಲಾಯಿತು. ಚಕ್ರ ತಿರುಗಿದಷ್ಟೂ ಈ ಲೆಕ್ಕವೇ ಗೆಲ್ಲುತ್ತದೆ.

ಮರುದಿನ ಫೋಂಡಾದ ಸಫಾ ಮಸೀದಿಗೆ ಹೋದೆವು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ, 1560ರಲ್ಲಿ ಕಟ್ಟಿದ ಮಸೀದಿ. ಪಕ್ಕದಲ್ಲಿ ದೊಡ್ಡ ಕೊಳವಿದೆ. ಆ ಕೊಳದ ಬಳಿ ಕುಳಿತಾಗ ಹುಡುಗ ಬಾಯಿಬಿಟ್ಟ. (ಅವನ ಅನುಮತಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.) "ಮಾಮೂ, ನಿನ್ನೆ ಸುಳ್ಳು ಹೇಳಿದೆ. ಕಳೆದ ವರ್ಷ ಗೆಳೆಯರ ಜೊತೆ ಹೋಗಿದ್ದೆ. ಆಗಲೂ ನೋಡುವುದು ಮಾತ್ರ ಎಂದೇ ಹೋದದ್ದು. ಟಿಕೆಟಿನ ಚಿಪ್ಸಿನಿಂದ ಮೊದಲು ಗೆದ್ದೆ. ಬೆಳಗಾಗುವಷ್ಟರಲ್ಲಿ ತಂಗಿಯ ಮದುವೆಗೆಂದು ಅಮ್ಮಿ ನನ್ನ ಖಾತೆಯಲ್ಲಿ ಇಟ್ಟಿದ್ದ ಅರವತ್ತು ಸಾವಿರ ಹೋಯಿತು. ಗೆಳೆಯನಿಗೆ ಸಾಲ ಕೊಟ್ಟಿದ್ದೇನೆ ಎಂದು ಅಮ್ಮಿಗೆ ಹೇಳಿದ್ದೇನೆ. ಅದನ್ನು ಮರಳಿ ಗೆಲ್ಲಬೇಕೆಂದಿದ್ದೆ."

ನಾನು ಗದರಿಸಲಿಲ್ಲ. ತೌಬಾದ ಬಾಗಿಲು ತೆರೆದಿದೆ ಎಂದೆ. ಪಾಪವನ್ನು ಬಿಡಬೇಕು, ಮನಸಾರೆ ಪಶ್ಚಾತ್ತಾಪ ಪಡಬೇಕು, ಇನ್ನು ಮಾಡುವುದಿಲ್ಲವೆಂದು ನಿರ್ಧರಿಸಬೇಕು. ಇನ್ನೊಬ್ಬರ ಹಕ್ಕು ಸೇರಿದ್ದರೆ ಅದನ್ನು ಮರಳಿಸಲೂಬೇಕು. ಜೂಜಿನಲ್ಲಿ ಹೋದದ್ದನ್ನು ಜೂಜಿನಿಂದಲೇ ತರಲು ಹೊರಡುವುದು ಮೂತ್ರದಿಂದ ಬಟ್ಟೆ ಒಗೆದಂತೆ. ಆ ರಾತ್ರಿ ಅವನು ತಾಯಿಗೆ ನಿಜ ಹೇಳಿದ. ಅಕ್ಕ ಬಹಳ ಹೊತ್ತು ಅತ್ತರು. ಈಗ ಅವನು ಪ್ರತಿ ತಿಂಗಳು ಸಂಬಳದಿಂದ ಐದು ಸಾವಿರ ತೀರಿಸುತ್ತಿದ್ದಾನೆ.

ತಾಯಂದಿರೇ, ತಂದೆಯಂದಿರೇ, ಪ್ರವಾಸಕ್ಕೆ ಹೋಗಿರಿ. ಕಡಲು, ಬೆಟ್ಟ, ಹಳೆಯ ಮಸೀದಿಗಳನ್ನು ಮಕ್ಕಳಿಗೆ ತೋರಿಸಿರಿ. ಕೋಣೆ ಗೊತ್ತುಮಾಡುವ ಮೊದಲೇ ಆ ರೆಸಾರ್ಟಿನಲ್ಲಿ ಜೂಜಿನ ಕೋಣೆಯಿದೆಯೇ, ಊಟದ ಕಡೆ ಮದ್ಯ ಹಂಚುತ್ತಾರೆಯೇ ಎಂದು ವಿಚಾರಿಸಿರಿ. ದೂರದ ಊರಿನಲ್ಲಿ ದುಡಿಯುವ ಮಗನೊಡನೆ ನಮಾಝ್ ಆಯಿತೇ ಎಂದು ಕೇಳುವಂತೆಯೇ, ದುಡ್ಡು ಹೇಗೆ ಖರ್ಚಾಗುತ್ತಿದೆ ಎಂದೂ ಪ್ರೀತಿಯಿಂದ ಕೇಳಿರಿ. ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಇದ್ದಾರೆಂದು ಅವನಿಗೆ ಗೊತ್ತಿರಲಿ.

ಅಲ್ಲಾಹನು ನಮ್ಮ ಮಕ್ಕಳನ್ನು ಈ ಬಲೆಯಿಂದ ಕಾಪಾಡಲಿ, ಸಿಕ್ಕಿಬಿದ್ದವರಿಗೆ ಬಿಡುಗಡೆಯ ದಾರಿ ತೋರಲಿ. ಆಮೀನ್.