ಸಾರ್ವಜನಿಕ ಸಭೆಯಲ್ಲಿ ವಾಗ್ಧರ್ಮ

ಉದ್ಯೋಗನಿಮಿತ್ತವಾಗಿ ಉಡುಪಿ, ಧಾರವಾಡ, ವಿಜಯಪುರ, ರಾಯಚೂರುಗಳ ಕಡೆಯಿಂದ ಬಂದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಎಷ್ಟೋ ಮನೆಗಳಲ್ಲಿ ಈಗ ಮೂರನೆಯ ತಲೆಮಾರು ಬೆಳೆಯುತ್ತಿದೆ. ಆದರೂ ಊರಿನ ಸಾರ್ವಜನಿಕ ವಿಚಾರ ಬಂದಾಗ ‘ನಾವು ಪರಸ್ಥಳದವರು, ನಮಗೇಕೆ ಈ ಗೊಡವೆ?’ ಎಂದು ಬಾಗಿಲು ಹಾಕಿಕೊಳ್ಳುವವರೇ ಬಹಳ. ಮಾತನಾಡಲು ಎದ್ದು ನಿಲ್ಲುವ ಕೆಲವರಿಗಾದರೂ ಹೇಗೆ ಮಾತನಾಡಬೇಕೆಂಬ ವಿವೇಕ ಇರುತ್ತದೆಯೆಂದು ಹೇಳಲಾಗದು. ಗಾಳಿ, ನೀರು, ಗುಡ್ಡ, ಖಾಡಿಗಳ ವಿಷಯವಾಗಿ ನಡೆಯುವ ಬಹಿರಂಗ ಚರ್ಚೆಯಲ್ಲಿ ಸಜ್ಜನನಾದವನು ಯಾವ ನಿಯಮಗಳಿಗೆ ಒಳಪಟ್ಟು ಮಾತನಾಡಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ನನ್ನದೇ ಒಂದು ತಪ್ಪಿನಿಂದ ಆರಂಭಿಸುವುದು ಉಚಿತ. ಡೊಂಬಿವಲಿಯ ಕೈಗಾರಿಕಾ ವಸಾಹತಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ 2016ರ ಮೇ 26ರಂದು ಭಯಂಕರ ಸ್ಫೋಟ ಸಂಭವಿಸಿತು. ಅನೇಕರು ಅಸುನೀಗಿದರು; ದೂರದ ಮನೆಗಳ ಕಿಟಕಿಯ ಗಾಜುಗಳೂ ಪುಡಿಯಾದವು. ಅದಾದ ಕೆಲವು ವಾರಗಳ ಬಳಿಕ ನಮ್ಮ ವಸತಿಯವರು ಸಭೆ ಕರೆದರು. ರಾತ್ರಿಯ ಹೊತ್ತು ಬರುತ್ತಿದ್ದ ಘಾಟು ವಾಸನೆಯೇ ಅಂದಿನ ವಿಷಯ. ನಾನು ಎದ್ದು ನಿಂತು ಒಂದು ಕಾರ್ಖಾನೆಯ ಹೆಸರು ಹೇಳಿದೆ. ಅದರವರೇ ವಿಷಾನಿಲ ಬಿಡುವವರೆಂದೆ, ಅಧಿಕಾರಿಗಳೆಲ್ಲ ಲಂಚಕೋರರೆಂದೆ, ಬಡಾವಣೆಯ ಮಕ್ಕಳೆಲ್ಲರಿಗೂ ಉಬ್ಬಸ ಹಿಡಿದಿದೆಯೆಂದೆ. ಕರತಾಡನವಾಯಿತು.

ಆಗ ಹಿಂದಿನ ಸಾಲಿನಿಂದ ವೃದ್ಧ ಕಾರ್ಮಿಕರೊಬ್ಬರು ಎದ್ದು ಮರಾಠಿಯಲ್ಲಿ ಶಾಂತವಾಗಿ ಕೇಳಿದರು: ‘ಸಾಹೇಬರೇ, ತಾವು ಕಣ್ಣಾರೆ ಕಂಡಿರಾ? ತಾವು ಹೇಳಿದ ಕಾರ್ಖಾನೆ ಮೂರು ತಿಂಗಳಿಂದ ಬೀಗ ಹಾಕಿದೆ. ನಾನು ಅಲ್ಲಿಯೇ ದುಡಿಯುತ್ತಿದ್ದವನು. ಈಗ ಮನೆಯಲ್ಲಿ ಕುಳಿತಿದ್ದೇನೆ.’ ನನ್ನಲ್ಲಿ ಉತ್ತರವಿರಲಿಲ್ಲ. ಬಂದಿದ್ದ ಅಧಿಕಾರಿಗಳಿಗೆ ಅಷ್ಟೇ ಸಾಕಾಯಿತು. ನಿರಾಧಾರ ಆರೋಪವೆಂದು ಬರೆದುಕೊಂಡು ಹೊರಟರು. ನನಗಾದ ಅವಮಾನ ಸಣ್ಣದು. ನನ್ನ ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯ ತಾಯಿಯೊಬ್ಬರು ತಮ್ಮ ಮಗನನ್ನು ಯಾವ ಯಾವ ರಾತ್ರಿ ಆಸ್ಪತ್ರೆಗೆ ಒಯ್ಯಬೇಕಾಯಿತೆಂಬುದನ್ನು ತಾರೀಖು ಸಹಿತ ಬರೆದು ತಂದಿದ್ದರು. ಆ ಚೀಟಿಯನ್ನು ಓದುವ ಅವಕಾಶವೇ ಅವರಿಗೆ ಒದಗಲಿಲ್ಲ. ನನ್ನ ಅಸತ್ಯದೊಡನೆ ಅವರ ಸತ್ಯವೂ ಬಿದ್ದುಹೋಯಿತು.

ಶ್ರೀಮದಾಚಾರ್ಯರು ರಚಿಸಿದ ದಶಪ್ರಕರಣಗಳಲ್ಲಿ ‘ಕಥಾಲಕ್ಷಣ’ವೂ ಒಂದು. ಚರ್ಚೆಯ ಸ್ವರೂಪವನ್ನೂ ನಿಯಮಗಳನ್ನೂ ತಿಳಿಸುವ ಈ ಪುಟ್ಟ ಗ್ರಂಥಕ್ಕೆ ಶ್ರೀ ಜಯತೀರ್ಥರ ಟೀಕೆಯಿದೆ. ತತ್ತ್ವನಿರ್ಣಯವನ್ನು ಉದ್ದೇಶಿಸಿ ಗುರುಶಿಷ್ಯರು ಅಥವಾ ಇತರ ಸಜ್ಜನರು ನಡೆಸುವ ಚರ್ಚೆ ವಾದ. ಖ್ಯಾತಿಗಾಗಿ ಅಥವಾ ಸ್ಪರ್ಧೆಗಾಗಿ ಸಜ್ಜನರು ನಡೆಸುವುದು ಜಲ್ಪ. ಮೂರನೆಯದಾದ ವಿತಂಡದ ವಿಚಾರ ಇಲ್ಲಿ ಬೇಡ. ಜಲ್ಪವೂ ಸಜ್ಜನರ ನಡುವೆಯೇ ನಡೆಯುವುದೆಂಬ ಮಾತು ಮನನೀಯ. ಅಂದು ನಾನು ದುರುದ್ದೇಶದಿಂದ ಎದ್ದವನಲ್ಲ. ಆದರೆ ಕರತಾಡನದ ಆಸೆ ನನ್ನ ಮಾತನ್ನು ವಾದದಿಂದ ಜಲ್ಪಕ್ಕೆ ಇಳಿಸಿತು. ಆದುದರಿಂದ ಮಾತಿಗೆ ಮೊದಲು ‘ನಾನೇಕೆ ಏಳುತ್ತಿದ್ದೇನೆ?’ ಎಂದು ಕೇಳಿಕೊಳ್ಳುವುದು ಪ್ರಥಮ ನಿಯಮ.

ಎರಡನೆಯದು ಪ್ರಮಾಣನಿಯಮ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ನಮ್ಮ ಮಕ್ಕಳೂ ಬಲ್ಲರು. ಇಂಥ ರಾತ್ರಿ ಇಷ್ಟು ಗಂಟೆಗೆ ಘಾಟು ಬಂತೆಂಬುದು ಪ್ರತ್ಯಕ್ಷ. ಗಾಳಿ ಬೀಸಿದ ದಿಕ್ಕನ್ನು ನೋಡಿ ಅದು ಇಂಥ ಕಡೆಯಿಂದ ಬಂದಿರಬೇಕೆನ್ನುವುದು ಅನುಮಾನ. ಬಲ್ಲವರು ಪರೀಕ್ಷಿಸಿ ಬರೆದ ವರದಿ ಆಪ್ತವಾಕ್ಯ. ಈ ಮೂರನ್ನೂ ಕಲಸಿ ಒಂದೇ ದನಿಯಲ್ಲಿ ನುಡಿದಾಗ ಕೇಳುವವನು ಯಾವುದನ್ನೂ ನಂಬಲಾರ. ನೆರೆಮನೆಯ ತಾಯಿಯ ಚೀಟಿ ಶುದ್ಧ ಪ್ರತ್ಯಕ್ಷ. ನನ್ನ ಭಾಷಣದಲ್ಲಿ ಊಹೆಯೇ ಪ್ರತ್ಯಕ್ಷದ ವೇಷ ತೊಟ್ಟಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಬಡವನ ಬಳಿ ಪ್ರಯೋಗಾಲಯವಿಲ್ಲ. ಪ್ರಮಾಣವಿದ್ದರೆ ಮಾತ್ರ ಮಾತನಾಡೆಂದರೆ ಬಲಿಷ್ಠನೇ ಗೆಲ್ಲುವನಲ್ಲವೇ? ಆಕ್ಷೇಪ ಸಾಧುವಾದುದು. ಇದಕ್ಕೆ ಸಮಾಧಾನವೇನೆಂದರೆ, ಸಂಶಯವನ್ನು ಸಂಶಯವೆಂದೇ ಮುಂದಿಡಲು ಯಾವ ಪ್ರಯೋಗಾಲಯವೂ ಬೇಡ. ‘ಇವರೇ ಕಾರಣರು’ ಎನ್ನಲು ಪ್ರಮಾಣ ಬೇಕು. ‘ಇದಕ್ಕೆ ಕಾರಣವೇನು, ತಿಳಿಸಿ’ ಎನ್ನಲು ಬೇಕಾಗಿಲ್ಲ. ದೊಡ್ಡ ಯೋಜನೆಗಳ ವಿಷಯದಲ್ಲಿ ನಮ್ಮ ದೇಶದ ವಿಧಿಯೂ ಈ ಮಾರ್ಗವನ್ನು ತೆರೆದಿದೆ. 1994ರ ಪರಿಸರ ಅಧಿಸೂಚನೆಗೆ 1997ರಲ್ಲಿ ಸಾರ್ವಜನಿಕ ಅಹವಾಲು ಸಭೆ ಸೇರ್ಪಡೆಯಾಯಿತು. 2006ರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ತಿಳಿವಳಿಕೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ದೊರೆಯಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಸಭೆಯಲ್ಲಿರುವ ಪ್ರತಿಯೊಬ್ಬನಿಗೂ ಪ್ರಶ್ನೆ ಕೇಳುವ ಅವಕಾಶ ಸಿಗಬೇಕು. ಕೊನೆಗೆ ನಡವಳಿಯನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಿ ಹೇಳಬೇಕು.

ಕಥಾಲಕ್ಷಣವು ರಾಗದ್ವೇಷರಹಿತರಾದ ಪ್ರಾಶ್ನಿಕರನ್ನು, ಬೆಸಸಂಖ್ಯೆಯಲ್ಲಿ ಅಥವಾ ಒಬ್ಬರನ್ನೇ, ನಿರ್ಣಯಕ್ಕೆ ವಿಧಿಸುತ್ತದೆ. ಇಂದಿನ ಅಹವಾಲು ಸಭೆಯ ಅಧ್ಯಕ್ಷರಾದರೋ ಅಲ್ಲಿಯೇ ನಿರ್ಣಯ ನೀಡುವವರಲ್ಲ. ಕೇಳಿ, ಬರೆಸಿ, ಮೇಲಕ್ಕೆ ಕಳುಹಿಸುವವರು. ಆದುದರಿಂದ ಬರಹಕ್ಕೆ ಇಳಿಯದ ಕೂಗು ಸಭಾಂಗಣದಲ್ಲಿಯೇ ಅಡಗುತ್ತದೆ. ಖಚಿತವಾದ ಒಂದು ಪ್ರಶ್ನೆ ಕಡತದಲ್ಲಿ ಉಳಿದು ಉತ್ತರವನ್ನು ಬೇಡುತ್ತದೆ. ನಡವಳಿ ಓದುವವರೆಗೆ ಕುಳಿತಿರುವುದೂ, ಅದನ್ನು ತಿಳಿಯುವಷ್ಟು ಮರಾಠಿ ಕಲಿಯುವುದೂ ಈ ಧರ್ಮದ ಅಂಗಗಳೇ.

ಮೂರನೆಯದು ಪೂರ್ವಪಕ್ಷದ ಗೌರವ. ನಮ್ಮ ಟೀಕಾಕಾರರು ಎದುರಾಳಿಯ ಮತವನ್ನು ಪೂರ್ಣ ಬಲದೊಡನೆ ನಿರೂಪಿಸಿದ ಬಳಿಕವೇ ಖಂಡನಕ್ಕೆ ತೊಡಗುತ್ತಾರೆ. ನವಿಮುಂಬಯಿ ವಿಮಾನ ನಿಲ್ದಾಣದ ವಿಷಯವನ್ನೇ ನೋಡೋಣ. 2010ರಲ್ಲಿ ಅಹವಾಲು ಸಭೆ ನಡೆದು ಅದೇ ವರ್ಷ ಪರಿಸರ ಅನುಮತಿ ದೊರೆಯಿತು. ಉಲ್ವೆಯ ಗುಡ್ಡ ನೆಲಸಮವಾಯಿತು, ನದಿಯ ಪಾತ್ರ ಬದಲಾಯಿತು, ಮ್ಯಾಂಗ್ರೋವ್ ಸಸ್ಯಗಳು ಹೋದವು, ಹತ್ತು ಹಳ್ಳಿಗಳ ಜನ ಸ್ಥಳಾಂತರಗೊಂಡರು. ಇನ್ನೊಂದೆಡೆ ಮುಂಬಯಿಯ ಹಳೆಯ ನಿಲ್ದಾಣ ಇಕ್ಕಟ್ಟಾಗಿದ್ದುದೂ, ಸಾವಿರಾರು ಮಂದಿಗೆ ಉದ್ಯೋಗ ಬೇಕಾಗಿದ್ದುದೂ ಸತ್ಯ. 2025ರ ಡಿಸೆಂಬರ್ 25ರಂದು ಅಲ್ಲಿ ವಿಮಾನ ಸಂಚಾರ ಆರಂಭವಾಯಿತು. ಅಲ್ಲಿಂದ ಊರಿಗೆ ಹಾರಲು ಬಯಸುವ ನಾವು ಗುಡ್ಡ ಹೋಯಿತೆಂದು ಮರುಗುವಾಗ, ನಮ್ಮ ಅನುಕೂಲವನ್ನೂ ತಕ್ಕಡಿಗೆ ಹಾಕಬೇಡವೇ? ಆ ವೃದ್ಧ ಕಾರ್ಮಿಕರ ಬರಿದಾದ ದುಡಿಮೆಯೂ ನನ್ನ ಲೆಕ್ಕದಲ್ಲಿ ಇರಬೇಕಾಗಿತ್ತು.

ನಾಲ್ಕನೆಯದು ಸ್ವದೋಷದರ್ಶನ. ಥಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು. ಲೋಕಲ್ ಗಾಡಿ ವಾಶಿ ಸೇತುವೆಯನ್ನು ದಾಟುವಾಗ ಅದೇ ಖಾಡಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ನಿರ್ಮಾಲ್ಯವನ್ನು ಎಸೆದು ಕೈಮುಗಿಯುವವರನ್ನು ನಾವೆಲ್ಲ ಕಂಡಿದ್ದೇವೆ. ಅವರಲ್ಲಿ ನಮ್ಮವರಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ದೇವರಿಗೆ ಏರಿಸಿದ ಹೂವು ತುಳಸಿಕಟ್ಟೆಯ ಮಣ್ಣಿಗೆ ಸೇರಿದರೆ ಗೊಬ್ಬರ, ಚೀಲದಲ್ಲಿ ಖಾಡಿಗೆ ಬಿದ್ದರೆ ಕಸ. ಕಾರ್ಖಾನೆಯ ನಾಲೆಯನ್ನು ದೂರುವ ನಾಲಿಗೆ ಮೊದಲು ಈ ಚೀಲದ ಲೆಕ್ಕ ಒಪ್ಪಿಸಲಿ. ತಾನು ನಿರ್ದೋಷಿಯಾಗುವವರೆಗೆ ಬಾಯಿ ತೆರೆಯಬಾರದೆಂದು ಇದರ ಅರ್ಥವಲ್ಲ. ಒಪ್ಪಿಕೊಂಡು ಆಡಿದ ಮಾತಿಗೆ ಬಲ ಹೆಚ್ಚು.

ಐದನೆಯದು ವಾಕ್ಶುದ್ಧಿ. ಉದ್ವೇಗವನ್ನುಂಟುಮಾಡದ, ಸತ್ಯವಾದ, ಪ್ರಿಯವಾದ, ಹಿತವಾದ ಮಾತನ್ನು ಗೀತೆಯ ಹದಿನೇಳನೆಯ ಅಧ್ಯಾಯ ವಾಙ್ಮಯ ತಪಸ್ಸೆಂದು ಕರೆಯುತ್ತದೆ. ಇದನ್ನೇ ನೆವಮಾಡಿ ಮೌನವಾಗಿರುವವರೂ ಉಂಟು. 2024ರ ಮೇ 23ರಂದು ಅದೇ ಡೊಂಬಿವಲಿ ವಸಾಹತಿನಲ್ಲಿ ಮತ್ತೊಂದು ಸ್ಫೋಟವಾಗಿ ಮತ್ತೆ ಜೀವಗಳು ಹೋದವು. ನೆರೆಯವರ ಪ್ರಾಣಕ್ಕೆ ಎರವಾಗುವ ಸಂಗತಿ ಕಣ್ಣೆದುರಿಗಿದ್ದಾಗ ಸುಮ್ಮನಿರುವುದು ಹಿತವಾಗಲಾರದು. ಸತ್ಯವನ್ನೂ ಹಿತವನ್ನೂ ಬಿಟ್ಟ ಪ್ರಿಯವಚನ ತಪಸ್ಸಲ್ಲ. ಇನ್ನು ‘ಪರಸ್ಥಳದವರು’ ಎಂಬ ಮಾತು: ಯಾವ ಊರಿನ ನೀರು ಕುಡಿದು, ಯಾವ ಊರಿನ ಗಾಳಿ ಉಸಿರಾಡಿ ಮಕ್ಕಳನ್ನು ಬೆಳೆಸಿದೆವೋ ಆ ಊರಿನ ಋಣ ನಮ್ಮ ಮೇಲಿದೆ. ಋಣವಿರುವಲ್ಲಿ ಮಾತನಾಡುವ ಹೊಣೆಯೂ ಇದೆ.

ಕೊನೆಯದಾಗಿ, ತಪ್ಪಿದಾಗ ಒಪ್ಪಿಕೊಳ್ಳುವುದು. ಇದೇ ಎಲ್ಲಕ್ಕಿಂತ ಕಠಿಣ. ಮುಂದಿನ ಸಭೆಯಲ್ಲಿ ನನ್ನ ಹಿಂದಿನ ಮಾತನ್ನು ಹಿಂತೆಗೆದುಕೊಳ್ಳಲು ಏಳಬೇಕೆಂದಿದ್ದೆ, ನಾಚಿಕೆಯಿಂದ ಏಳಲಿಲ್ಲ. ಅದರ ಮುಂದಿನ ಸಭೆಯಲ್ಲಿ ಎದ್ದು ಒಪ್ಪಿಕೊಂಡೆ. ಆ ದಿನ ಕರತಾಡನವಾಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಅದೇ ವೃದ್ಧರು ಎದ್ದುಬಂದು, ವಾಸನೆ ಬರುತ್ತಿರುವುದು ನಾಲೆಯಿಂದಿರಬೇಕೆಂದು ತಮಗೆ ತೋರುತ್ತದೆಂದೂ, ಎಲ್ಲಿ ನೋಡಬೇಕೆಂದೂ ತಿಳಿಸಿದರು. ಆ ತಾಯಿಯ ಚೀಟಿಯನ್ನು ಅವರೇ ಕೇಳಿ ಪಡೆದು, ಸಭೆಯ ಮುಂದೆ ಮರಾಠಿಯಲ್ಲಿ ಓದಿದರು.

ಶ್ರೀಕೃಷ್ಣಾರ್ಪಣಮಸ್ತು