‘ಒಲ್ಲೆ’ ಎಂದವಳ ಮಾತು

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯ ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳ ಥೇಟರು ತುಂಬಿರುತ್ತವೆ. ಬಾಗಲಕೋಟೆ, ಹುನಗುಂದ, ಇಳಕಲ್ ಕಡೆಯ ಹಳ್ಳಿಗಳಿಂದ ಬಂದವರು ರಾತ್ರಿಯಿಡೀ ಕೂರುತ್ತಾರೆ. ಅಲ್ಲಿನ ದ್ವಂದ್ವಾರ್ಥದ ಸಂಭಾಷಣೆಯ ಬಗ್ಗೆ ತಕರಾರು ಹಳೆಯದು. ಅಶ್ಲೀಲ ಎನ್ನುವವರು ಒಂದು ಕಡೆ, ಕಲೆಕ್ಷನ್ ಆಗಬೇಕಲ್ಲ ಎನ್ನುವವರು ಇನ್ನೊಂದು ಕಡೆ. ಆ ಮಾತು ಹೆಣ್ಣಿನ ಮಾತಿಗೆ ಏನು ಮಾಡುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೆಲವು ಮಾತು ಆಡಿದೊಡನೆ ಕೆಲಸವೂ ಆಗಿಬಿಡುತ್ತದೆ. ಹಿರಿಯರು ವೀಳ್ಯ ಹಿಡಿದು ‘ಕೊಟ್ಟೆವು’ ಎಂದರೆ ನಂಟಸ್ತನ ಕೂಡಿತು. ಹೀಗೆ ಮಾತೇ ಕೆಲಸ ಮಾಡುವುದನ್ನು ತತ್ವಜ್ಞಾನಿ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ಉಪನ್ಯಾಸಗಳಲ್ಲಿ ವಿವರಿಸಿದರು. ಆದರೆ ಆ ಕೆಲಸ ಆಗಬೇಕಾದರೆ ಕೇಳುವವರು ಅದನ್ನು ಹಾಗೆಂದೇ ತಿಳಿಯಬೇಕು. 1993ರಲ್ಲಿ ತತ್ವಜ್ಞಾನಿ ರೇ ಲ್ಯಾಂಗ್ಟನ್ ಈ ವಿಚಾರವನ್ನು ಕಾಮಚಿತ್ರಗಳಿಗೆ ಹಚ್ಚಿದರು. ಹೆಣ್ಣಿನ ‘ಬೇಡ’ ಎಂದರೆ ‘ಹೂಂ’ ಎಂದೇ ಅವು ಗಂಡಸರಿಗೆ ಕಲಿಸಿಬಿಟ್ಟರೆ, ಅವಳು ಕೂಗಿ ಹೇಳಿದರೂ ನಿರಾಕರಿಸಿದಂತಾಗುವುದಿಲ್ಲ. ಬಾಯಿ ಇದ್ದೂ ಅವಳು ಮೂಕಿ.

ಜಾತ್ರೆಯ ರಂಗದ ಮೇಲೂ ಇದೇ. ಹಾಸ್ಯನಟ ಬೆನ್ನು ಹತ್ತುತ್ತಾನೆ. ‘ಒಲ್ಲೆ, ಕೈ ಬಿಡು’ ಅನ್ನುತ್ತಾಳೆ ನಟಿ. ಅದಕ್ಕೊಂದು ಪೋಲಿ ಅರ್ಥ ಹಚ್ಚುತ್ತಾನೆ ಅವನು, ಶಿಳ್ಳೆ ಬೀಳುತ್ತವೆ. ನನ್ನನ್ನು ಕಾಡುವುದು ಆ ಗಳಿಗೆ. ಪೋಲಿತನಕ್ಕೇನು, ನಮ್ಮ ಮದುವೆಮನೆಗಳಲ್ಲಿ ಹೆಣ್ಣುಮಕ್ಕಳೇ ಬೀಗರನ್ನು ಹಾಡಿನಲ್ಲಿ ಬೈದು ನಗಿಸುತ್ತಾರೆ. ಅಲ್ಲಿ ಗೆಲ್ಲುವುದು ಅವರ ಮಾತು. ಇಲ್ಲಿ ಅವಳ ಮಾತನ್ನೇ ಕಸಿದು ಅವಳ ಮೇಲೆ ಎಸೆಯಲಾಗುತ್ತದೆ.

ಹಾಗೆಂದು ನಿಷೇಧ ಕೇಳುವುದು ನನಗೆ ಒಪ್ಪಿಗೆಯಿಲ್ಲ. ಸ್ತ್ರೀವಾದಿಗಳಾದ ಕ್ಯಾಥರಿನ್ ಮ್ಯಾಕಿನಾನ್, ಆಂಡ್ರಿಯಾ ಡ್ವರ್ಕಿನ್ ರೂಪಿಸಿದ ಕಾಮಚಿತ್ರ ವಿರೋಧಿ ಕಾಯ್ದೆಯನ್ನು 1984ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರ ತಂದಿತು. 1985ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ತಳ್ಳಿಹಾಕಿತು. ವಿರೋಧಿಸಿದವರಲ್ಲಿ ಸ್ತ್ರೀವಾದಿಗಳೂ ಇದ್ದರು. ನಮ್ಮಲ್ಲಿ ಥೇಟರಿಗೆ ಬೀಗ ಬಿದ್ದರೆ ಮೊದಲು ಉಪವಾಸ ಬೀಳುವವಳು ಆ ನಟಿಯೇ.

ಹೆಣ್ಣು ಮೈಯಿಂದ ಪ್ರತಿಭಟಿಸಲಿಲ್ಲ ಎಂಬುದೊಂದೇ ಅವಳ ಒಪ್ಪಿಗೆಯಾಗದು ಎಂದು ಅತ್ಯಾಚಾರದ ಕಾನೂನಿಗೆ ತಂದ 2013ರ ತಿದ್ದುಪಡಿ ನಮ್ಮ ಆಗಿನ ದಂಡಸಂಹಿತೆಯಲ್ಲಿ ಬರೆಯಿತು. ಕಾನೂನು ಅಷ್ಟು ದೂರ ನಡೆದಿದೆ. ನಾಟಕ ಬರೆಯುವ ಕಂಪನಿ ಕವಿಗಳೂ ನಡೆಯಲಿ. ಹಾಸ್ಯ ಇರಲಿ, ಶಿಳ್ಳೆಯೂ ಇರಲಿ. ‘ಒಲ್ಲೆ’ ಎಂದ ಕೂಡಲೇ ಹಾಸ್ಯನಟ ಕೈ ಬಿಡಲಿ, ಮುಂದಿನ ಮಾತನ್ನು ಕವಿ ಅವಳಿಗೆ ಬರೆದುಕೊಡಲಿ. ಪೆಚ್ಚಾಗಿ ನಿಂತವನನ್ನು ನೋಡಿಯೂ ನಮ್ಮ ಜನ ಹೊಟ್ಟೆ ತುಂಬ ನಗುತ್ತಾರೆ.