ಎಡಗಿವಿಯ ತುರಿಕೆ

ನೋವಿನಲ್ಲಿರುವ ಪ್ರಾಣಿಯ ಎದುರು ಕುಳಿತಾಗ ಮನಸ್ಸು ಮೊದಲು ಊಹಿಸತೊಡಗುತ್ತದೆ, ನೋಡುವುದು ಆಮೇಲೆ. ಅದಕ್ಕೆ ಹೀಗನಿಸುತ್ತಿರಬಹುದು, ಅದು ಹೀಗೆ ಕೊರಗುತ್ತಿರಬಹುದು ಎಂದು ನಮ್ಮ ಸಂಕಟವನ್ನು ಅದರ ಮೇಲೆ ಹೊದಿಸಿ, ಆ ಹೊದಿಕೆಯನ್ನೇ ಸಂತೈಸುತ್ತ ಕೂರುತ್ತೇವೆ. ಇದನ್ನು ದಯೆ ಎನ್ನುತ್ತೇವೆ. ಅದು ಸುಳ್ಳಾದ ದಯೆಯೇನೂ ಅಲ್ಲ. ಆದರೆ ಅಷ್ಟು ಸಾಕೇ ಎಂಬ ಪ್ರಶ್ನೆ, ನಮ್ಮ ಮನೆಯ ಬೆಕ್ಕು ಚುಕ್ಕಿ ಹಿಂಗಾಲೊಂದನ್ನು ಕಳೆದುಕೊಂಡ ದಿನಗಳಲ್ಲಿ ನನ್ನನ್ನು ಹಿಡಿದುಕೊಂಡಿತು. ಇನ್ನೂ ಬಿಟ್ಟಿಲ್ಲ.

ನಮ್ಮದು ವಂಡ್ಸೆಯಿಂದ ಘಟ್ಟದ ಕಡೆಗೆ, ಅಡಿಕೆ ತೋಟ ಮತ್ತು ಗದ್ದೆಗಳ ನಡುವಿನ ಮನೆ. ಚುಕ್ಕಿ ಒಂದೆರಡು ರಾತ್ರಿ ಮನೆಗೆ ಬಂದಿರಲಿಲ್ಲ. ಬೆಳಿಗ್ಗೆ ಹಟ್ಟಿಯ ಹಿಂದೆ ಸಿಕ್ಕಾಗ ಎಡ ಹಿಂಗಾಲಿಗೆ ತಂತಿ ಬಿಗಿದುಕೊಂಡಿತ್ತು. ಕಾಡುಹಂದಿಗೆಂದು ಬೈಕಿನ ಬ್ರೇಕ್ ಕೇಬಲಿನಲ್ಲಿ ಮಾಡಿದ ಉರುಳು ಅದು. ಎಳೆದಷ್ಟೂ ಬಿಗಿಯುವುದು ಅದರ ಗುಣ. ಬಿಡಿಸಿಕೊಳ್ಳಲು ಹೆಣಗಿದ ಜೀವವೇ ತನ್ನ ಕಾಲನ್ನು ತಾನು ಕಟ್ಟಿಹಾಕಿಕೊಳ್ಳುತ್ತದೆ. ತಂತಿಯಿಂದ ಕೆಳಗೆ ರಕ್ತ ಹರಿಯದೆ ಪಾದ ತಣ್ಣಗಾಗಿ, ಬಣ್ಣ ಕಪ್ಪಾಗಿತ್ತು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಪಶುವೈದ್ಯ ಎಂದರೆ ಹಸುವಿನ ವೈದ್ಯ. ಹಾಲು ಡೇರಿ, ಕರು, ಕೆಚ್ಚಲು ಬಾವು, ಇವುಗಳ ಸುತ್ತ ಬೆಳೆದ ವ್ಯವಸ್ಥೆ ಅದು, ಹಾಗೆ ಬೆಳೆದದ್ದು ನ್ಯಾಯವೂ ಹೌದು. 2019ರ 20ನೇ ಜಾನುವಾರು ಗಣತಿಯಲ್ಲಿ ನಾಯಿ, ಮೊಲ, ಆನೆಗಳಿಗೂ ಒಂದೊಂದು ಸಾಲಿದೆ, ಬೆಕ್ಕಿಗಿಲ್ಲ. ಇಲಿ ಹಿಡಿಯಲಿ ಎಂದು ಇಟ್ಟುಕೊಂಡು, ಮೀನಿನ ತಲೆ ಹಾಕಿ ಸಾಕುವ ಈ ಪ್ರಾಣಿ ಯಾರ ಲೆಕ್ಕಕ್ಕೂ ಸೇರದೆ ನಮ್ಮ ಜಗಲಿಗಳಲ್ಲಿ ಬದುಕಿಕೊಂಡು ಬಂದಿದೆ. ಊರಿನ ವೈದ್ಯರು ತಂತಿ ಬಿಡಿಸಿ, ನೋವಿಗೆ ಸೂಜಿಮದ್ದು ಕೊಟ್ಟು, ಕಾಲು ಉಳಿಯುವುದಿಲ್ಲ ಎಂದರು. ಕೋಟ, ಸಾಲಿಗ್ರಾಮ, ಬ್ರಹ್ಮಾವರ ದಾಟಿ ಉಡುಪಿಯತ್ತ ಹೊರಟೆವು.

ಶಸ್ತ್ರಚಿಕಿತ್ಸೆ ಮಾಡುವ ವೈದ್ಯರನ್ನು ಕೇಳಿದ್ದು ಒಂದೇ: ಸತ್ತಿರುವುದು ಪಾದದ ಭಾಗ ತಾನೇ, ಅಷ್ಟನ್ನೇ ತೆಗೆದು ಮೊಣಕಾಲಿನವರೆಗಾದರೂ ಉಳಿಸಲಾಗದೇ? ಆಗದು ಎಂದರು. ಅರ್ಧ ಕಾಲು ಉಳಿದರೆ ಬೆಕ್ಕು ಅದನ್ನು ನೆಲಕ್ಕೆ ಊರಲು ನೋಡುತ್ತಲೇ ಇರುತ್ತದೆ. ತುದಿ ಉಜ್ಜಿ ಉಜ್ಜಿ ಹುಣ್ಣಾಗುತ್ತದೆ, ಹುಣ್ಣು ಮಾಯುವುದಿಲ್ಲ. ತೊಡೆಯ ನಡುವಿನಿಂದಲೇ ತೆಗೆದರೆ ಮೂರು ಕಾಲಿನ ನಡಿಗೆಯನ್ನು ದೇಹ ಬೇಗ ಕಲಿಯುತ್ತದೆ. ನಮ್ಮ ದೊಡ್ಡಪ್ಪಯ್ಯನಿಗೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಯಬೇಕಾಗಿ ಬಂದಾಗ ವೈದ್ಯರು ಮೊಣಕಾಲು ಗಂಟನ್ನು ಹೇಗಾದರೂ ಉಳಿಸಬೇಕೆಂದು ಪಟ್ಟ ಪಾಡು ನನಗೆ ನೆನಪಿತ್ತು. ಗಂಟು ಉಳಿದರೆ ಮನುಷ್ಯ ಕೃತಕ ಕಾಲು ಕಟ್ಟಿಕೊಂಡು ನಡೆಯಬಲ್ಲ. ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಥಿ ಸೇರಿ 1960ರ ದಶಕದಲ್ಲಿ ರೂಪಿಸಿದ ಜೈಪುರ ಪಾದ ನಮ್ಮ ದೇಶದ ಎಷ್ಟೋ ಬಡವರನ್ನು ಹಾಗೆ ನಡೆಸಿದೆ. ಅದೇ ಕತ್ತಿ, ಅದೇ ಕಾಲು. ಒಬ್ಬರಿಗೆ ಆದಷ್ಟು ಉಳಿಸುವುದು ಉಪಕಾರ, ಇನ್ನೊಂದಕ್ಕೆ ಆದಷ್ಟು ತೆಗೆಯುವುದು. ‘ಇಷ್ಟಾದರೂ ಇರಲಿ’ ಎಂಬ ನನ್ನ ಆಸೆ ಯಾರ ದೇಹವನ್ನು ಕುರಿತದ್ದು ಎಂದು ಅಲ್ಲಿ ಕುಳಿತೇ ಯೋಚಿಸಿದೆ. ಅದು ಮನುಷ್ಯ ದೇಹದ ಲೆಕ್ಕವಾಗಿತ್ತು.

ಸೂಜಿ ಕೊಟ್ಟು ಮಲಗಿಸಿಬಿಡಿ, ಇದನ್ನು ನೋಡಲಾಗದು ಎಂದವರೂ ನಮ್ಮಲ್ಲಿದ್ದರು. ಅವರು ಕಲ್ಲೆದೆಯವರಲ್ಲ. ನೋವು ನೀಗದ ಪ್ರಾಣಿಗೆ ಶಾಂತವಾದ ಮರಣ ಕೊಡಬೇಕಾಗುವುದೂ ಉಂಟೆಂದು ನಾನು ಒಪ್ಪುತ್ತೇನೆ. ಆದರೆ ‘ನೋಡಲಾಗದು’ ಎಂಬ ಮಾತಿನಲ್ಲಿ ನೋಡುವವರ ಕಷ್ಟವಿದೆ, ಬೆಕ್ಕಿನ ಕಷ್ಟ ಅದರಲ್ಲಿ ಎಷ್ಟಿದೆ ಎಂದು ಬೇರೆಯೇ ಕೇಳಿಕೊಳ್ಳಬೇಕು. ಬೆಕ್ಕಿಗೆ ಮೈಭಾರ ಹೆಚ್ಚು ಬೀಳುವುದು ಮುಂಗಾಲುಗಳ ಮೇಲೆ. ಹಿಂಗಾಲೊಂದು ಹೋದರೂ ಓಡಬಲ್ಲದು, ಹತ್ತಬಲ್ಲದು. ಇದು ತಿಳಿದ ಮೇಲೆ ಎರಡನೆಯ ಯೋಚನೆಗೆ ಎಡೆಯಿರಲಿಲ್ಲ. ಬೆಕ್ಕಿಗೆ ಇಷ್ಟು ಖರ್ಚೇ ಎಂಬ ಮಾತಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆ ಹಣಕ್ಕೆ ಬೇರೆ ನ್ಯಾಯವಾದ ದಾರಿಗಳಿದ್ದವು. ಎದುರಿಗಿದ್ದ ಜೀವ ಇದಾಗಿತ್ತು, ನಮ್ಮ ಅನ್ನ ತಿಂದು ಬೆಳೆದದ್ದಾಗಿತ್ತು ಎಂದಷ್ಟೇ ಹೇಳಬಲ್ಲೆ.

ಮನೆಗೆ ತಂದ ಮೇಲೆ ಶುಶ್ರೂಷೆ ಎಂದರೆ ಬಹುಪಾಲು ತಡೆಯುವ ಕೆಲಸವೇ ಎಂದು ತಿಳಿಯಿತು. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಪಟ್ಟಿ. ಎತ್ತರಕ್ಕೆ ಹಾರದಂತೆ ಖಾಲಿ ಕೋಣೆ. ನುಣ್ಣನೆಯ ನೆಲದಲ್ಲಿ ಉಳಿದೊಂದು ಹಿಂಗಾಲು ಜಾರದಂತೆ ಗೋಣಿಚೀಲದ ಹಾಸು. ಅಂಚು ತಗ್ಗಾದ ಅಡಿಕೆ ಹಾಳೆಯಲ್ಲಿ ಮರಳು ತುಂಬಿಟ್ಟೆವು, ಕಾಲೆತ್ತಿ ದಾಟುವ ಶ್ರಮವಿಲ್ಲದಿರಲಿ ಎಂದು. ಹಸಿವಿಲ್ಲದ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಪ್ರಾಣಕ್ಕೇ ಕುತ್ತು ತರಬಹುದೆಂದು ವೈದ್ಯರು ಎಚ್ಚರಿಸಿದ್ದರಿಂದ, ಬಂಗುಡೆಯನ್ನು ಉಪ್ಪಿಲ್ಲದೆ ಬೇಯಿಸಿ, ಬೆಚ್ಚಗಿರುವಾಗಲೇ ಮುಳ್ಳು ತೆಗೆದು ಮೂಗಿನ ಬಳಿ ಹಿಡಿಯುತ್ತಿದ್ದೆವು. ವಾಸನೆಯೇ ಅದರ ಹಸಿವನ್ನು ಎಬ್ಬಿಸಿತು.

ಕಷ್ಟವಾದದ್ದು ನೋವನ್ನು ಓದುವುದು. ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ತನಗಿಂತ ದೊಡ್ಡ ಬೇಟೆಗಾರರ ಕಣ್ಣಿಗೆ ಬೀಳದೆ ಬಾಳಬೇಕಾದ ಜೀವ ತನ್ನ ದುರ್ಬಲತೆಯನ್ನು ತೋರಿಸಿಕೊಳ್ಳುವುದಿಲ್ಲ. ಗುರುಗುರು ಸದ್ದು ಸುಖದ ಗುರುತೆಂದು ನಾವು ನಂಬುತ್ತೇವೆ; ತೀವ್ರ ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ. ಹಾಗಾದರೆ ಎಲ್ಲಿ ನೋಡಬೇಕು? ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖದಿಂದಲೇ ನೋವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಕಿವಿಯ ನಿಲುವು, ಕಣ್ಣಿನ ಕಿರಿದಾಗುವಿಕೆ, ಮೂತಿಯ ಬಿಗಿತ, ಮೀಸೆಯ ಬಾಗು, ತಲೆಯ ಎತ್ತರ, ಇಷ್ಟನ್ನು ಗಮನಿಸಿದರೆ ಸಾಕು. ವೈದ್ಯರು ಇದನ್ನು ತೋರಿಸಿಕೊಟ್ಟ ಮೇಲೆ ಚುಕ್ಕಿಯ ಮುಖ ನನಗೆ ಮೊದಲ ಸಲ ಕಂಡಿತು. ವರ್ಷಗಟ್ಟಲೆ ಜಗಲಿಯಲ್ಲಿ ಕಂಡ ಮುಖವೇ ಅದು. ಮುದ್ದಿಸುವುದಕ್ಕೆ ಅಷ್ಟು ಗಮನ ಬೇಕಿರಲಿಲ್ಲ.

ಆ ದಿನಗಳಲ್ಲೇ ನೆರೆಮನೆಯ ಅಮ್ಮನೊಬ್ಬರು ಸೆರಗಿನ ತುದಿಯಲ್ಲಿ ಪ್ಯಾರಾಸಿಟಮಾಲ್ ಮಾತ್ರೆ ಕಟ್ಟಿಕೊಂಡು ಬಂದರು. “ಪಾಪ, ನೋವ್ ಕಡ್ಮಿ ಆಯ್ಲಿ” ಎಂದರು. ಅವರ ಕಣ್ಣು ತುಂಬಿತ್ತು. ನಮ್ಮ ಪ್ರತಿ ಮನೆಯ ಡಬ್ಬಿಯಲ್ಲಿರುವ ಆ ಮಾತ್ರೆ ಬೆಕ್ಕಿಗೆ ವಿಷ. ಅದನ್ನು ನಿರಪಾಯವಾಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ರಕ್ತ ಉಸಿರನ್ನು ಹೊರಲಾರದಂತಾಗಿ, ವಸಡು ಕಂದಿ, 500 ಮಿಲಿಗ್ರಾಂನ ಒಂದೇ ಮಾತ್ರೆಯಿಂದ ಜೀವ ಹೋಗಬಹುದು. ವೈದ್ಯರು ಮೊದಲೇ ಹೇಳಿದ್ದರಿಂದ ನಮಗೆ ಗೊತ್ತಿತ್ತು. ಆದರೆ ಆ ಅಮ್ಮನ ಮುಖವನ್ನು ನಾನು ಮರೆಯಲಾರೆ. ಅಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ನನ್ನಲ್ಲಿದ್ದುದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಶುದ್ಧವಾದ ಮನಸ್ಸಿದ್ದರೆ ಮಾಡಿದ್ದೆಲ್ಲ ಒಳಿತಾಗುತ್ತದೆಂಬ ನಂಬಿಕೆಯಲ್ಲಿ ಬೆಳೆದವರು ನಾವು. ಬೆಕ್ಕಿನ ಯಕೃತ್ತಿಗೆ ಆ ನಂಬಿಕೆ ಗೊತ್ತಿಲ್ಲ. ಪ್ರೀತಿಸಿದ ಮೇಲೆ, ಪ್ರೀತಿಸಿದ ಜೀವದ ಒಡಲು ಹೇಗೆ ಕೆಲಸ ಮಾಡುತ್ತದೆಂದು ಕಲಿಯುವ ಹೊಣೆಯೂ ಬರುತ್ತದೆಯೇ? ಬರುತ್ತದೆ ಎಂದೇ ಈಗ ನನಗೆ ತೋರುತ್ತದೆ.

ಹೊಲಿಗೆ ಬಿಚ್ಚಿ, ಕುತ್ತಿಗೆಯ ಪಟ್ಟಿ ತೆಗೆದ ಮೇಲೆ ಒಂದು ಸಂಗತಿ ಕಂಡಿತು. ಚುಕ್ಕಿ ಒಮ್ಮೊಮ್ಮೆ ಕುಳಿತಲ್ಲೇ ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಅರೆಮುಚ್ಚಿ, ಏನನ್ನೋ ಕಾಯುವಂತಿರುತ್ತಿತ್ತು. ಆಗ ತೊಡೆಯ ಉಳಿದ ತುಂಡು ಚರ್ಮದೊಳಗೆ ಬೇಗ ಬೇಗ ಅಲುಗುತ್ತಿತ್ತು. ಎಡಗಿವಿ ತುರಿಸುತ್ತಿದೆ, ಇಲ್ಲದ ಕಾಲಿನಿಂದ ಅದನ್ನು ಕೆರೆದುಕೊಳ್ಳಲು ನೋಡುತ್ತಿದೆ ಎಂದು ಅರ್ಥವಾಗಲು ನನಗೆ ಹೊತ್ತು ಹಿಡಿಯಿತು. ನಾನು ಬೆರಳಿಟ್ಟು ಕಿವಿಯ ಬುಡ ಕೆರೆದೆ. ಕೆರೆಯುವಷ್ಟು ಹೊತ್ತೂ ಆ ತುಂಡು ಅದೇ ಲಯದಲ್ಲಿ ಅಲುಗುತ್ತಿತ್ತು. ನಡಿಗೆಯ ಬಗ್ಗೆ ನಾವೆಲ್ಲ ಎಷ್ಟು ಮರುಗಿದ್ದೆವು! ನಡಿಗೆಯನ್ನು ಅದು ತಾನೇ ಕಲಿತುಕೊಂಡಿತು. ನಮ್ಮ ಸಹಾಯ ನಿಜಕ್ಕೂ ಬೇಕಾಗಿದ್ದ ಜಾಗ ಎಡಗಿವಿಯ ಬುಡ, ಮತ್ತು ಅದು ಯಾರ ಮರುಕದ ಊಹೆಗೂ ಹೊಳೆದಿರಲಿಲ್ಲ.

ಇದನ್ನು ದೊಡ್ಡಪ್ಪಯ್ಯನಿಗೆ ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ನಂಗೂ ಹಾಂಗೇ ಆತ್ತ್. ಇಲ್ದಿದ್ ಕಾಲ್ ತುರ್ಸತ್ತ್. ಯಾರತ್ರ ಹೇಳುದ್?” ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ಕಂಡ ವೈದ್ಯ ಸೈಲಾಸ್ ವೇರ್ ಮಿಚೆಲ್ ಈ ಅನುಭವವನ್ನು 1871ರಲ್ಲೇ ವಿವರಿಸಿದ್ದರು. 1990ರ ದಶಕದಲ್ಲಿ ತಮಿಳುನಾಡು ಮೂಲದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಒಂದು ಕನ್ನಡಿಯ ನೆರವಿನಿಂದ, ಇರುವ ಅಂಗದ ಪ್ರತಿಬಿಂಬವನ್ನು ಇಲ್ಲದ ಅಂಗದ ಜಾಗದಲ್ಲಿ ತೋರಿಸಿ, ಕೆಲವರಿಗೆ ಆ ನೋವಿನಿಂದ ಬಿಡುಗಡೆ ಕೊಡಿಸಿದರು. ಲೋಕದಲ್ಲಿ ಇಷ್ಟೆಲ್ಲ ತಿಳಿದಿದ್ದ ವಿಷಯವನ್ನು ನಮ್ಮ ಮನೆಯ ಹಿರಿಯರು ಒಬ್ಬರೇ ರಾತ್ರಿ ಎಚ್ಚರವಿದ್ದು ಸಹಿಸುತ್ತಿದ್ದರು. ಹೇಳಿದರೆ ಬುದ್ಧಿ ಕೆಟ್ಟಿದೆ ಎಂದುಕೊಂಡಾರು ಎಂಬ ಅಳುಕು ಅವರಿಗೆ.

ಮನುಷ್ಯನನ್ನು ಬೆಕ್ಕಿನೊಂದಿಗೆ ಹೋಲಿಸುವುದರಲ್ಲಿ ಒಂದು ಅವಮಾನ ಇರಬಹುದೆಂದು ನಾನು ಅಂಜಿದೆ. ಆದರೆ ಹೋಲಿಸಿದವರು ಅವರೇ. ಅಂದು ಅವರಿಗೆ ಬೇಕಾದದ್ದೇನೆಂದು ನೇರವಾಗಿ ಕೇಳಿದೆ. ಬಚ್ಚಲಿನ ಬಾಗಿಲ ಪಕ್ಕ ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿ, ಅಷ್ಟೇ. ಸ್ನಾನಕ್ಕೆ ಹೋಗುವಾಗ ಯಾರಾದರೊಬ್ಬರು ಹೆಗಲು ಕೊಡುವುದು ನಮಗೆ ಸೇವೆಯಾಗಿತ್ತು. ಅವರಿಗೆ ಅದು ದಿನದಿನದ ಸಂಕೋಚವಾಗಿತ್ತು. ಹಿಡಿಯನ್ನು ಹಾಕಿಸಲು ಒಂದು ಮಧ್ಯಾಹ್ನ ಸಾಕಾಯಿತು. ಕೂತುಕೊಳ್ಳಿ, ನಾವು ಮಾಡುತ್ತೇವೆ ಎನ್ನುವ ಗೌರವ ಎದುರಿನವರ ಕೈಯಿಂದ ಏನನ್ನು ಕಿತ್ತುಕೊಳ್ಳುತ್ತದೆಂದು ಲೆಕ್ಕ ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿ ಇಲ್ಲ.

ನಮ್ಮ ಸಂಕಟವನ್ನು ಪ್ರಾಣಿಯ ಮೇಲೆ ಹೊದಿಸುವುದರ ಎದುರು ತುದಿಯ ಸಮಾಧಾನವೂ ಒಂದುಂಟು: ಪ್ರಾಣಿಗಳಿಗೆ ನೆನಪಿಲ್ಲ, ಅವು ಈ ಕ್ಷಣದಲ್ಲೇ ಬದುಕುತ್ತವೆ, ನಾವು ಅವನ್ನು ನೋಡಿ ಕಲಿಯಬೇಕು ಎನ್ನುವುದು. ಕೇಳಲು ಹಿತವಾದ ಮಾತು. ಆದರೆ ಚುಕ್ಕಿ ಈಗಲೂ ತೋಟದ ಆ ಬದಿಗೆ ಹೋಗುವುದಿಲ್ಲ. ಬಟ್ಟೆ ಒಣಗಿಸುವ ತಂತಿ ಸದ್ದು ಮಾಡಿದರೆ ಕಿವಿ ಹಿಂದಕ್ಕೆ ಮಡಚುತ್ತದೆ. ಅದು ಕೊರಗುತ್ತಿದೆ ಎನ್ನಲು ನನಗೆ ಆಧಾರವಿಲ್ಲ, ಮರೆತಿದೆ ಎನ್ನಲೂ ಇಲ್ಲ. ಎರಡೂ ನಮ್ಮ ನೆಮ್ಮದಿಗಾಗಿ ನಾವು ಕಟ್ಟಿಕೊಂಡ ಮಾತುಗಳಾಗಿರಬಹುದು: ಮೊದಲನೆಯದರಿಂದ ನಮ್ಮ ಮೃದುತನ ನಮಗೆ ಖಚಿತವಾಗುತ್ತದೆ, ಎರಡನೆಯದರಿಂದ ನಮ್ಮ ಹೊಣೆ ಹಗುರಾಗುತ್ತದೆ.

ಕಾಲೊಂದಿಲ್ಲದ ಬೆಕ್ಕನ್ನು ಮನೆಯೊಳಗೇ ಇರಿಸಿಕೊಳ್ಳುವುದು ಕ್ಷೇಮ ಎಂದು ವೈದ್ಯರು ಹೇಳಿದ್ದರು. ಜಗಲಿ, ಅಂಗಳ, ಹಟ್ಟಿ, ತೋಟ ಒಂದಕ್ಕೊಂದು ತೆರೆದುಕೊಳ್ಳುವ ನಮ್ಮ ಹಂಚಿನ ಮನೆಗಳಲ್ಲಿ ಒಳಗು ಎಲ್ಲಿ ಮುಗಿಯುತ್ತದೆ? ಬಾಗಿಲು ಹಾಕಿದ ಕೋಣೆಯಲ್ಲಿ ಅದು ಸುರಕ್ಷಿತವಾಗಿತ್ತು, ದಪ್ಪವಾಗುತ್ತಲೂ ಇತ್ತು. ಮೈ ತೂಕ ಏರಿದಷ್ಟೂ ಉಳಿದೊಂದು ಹಿಂಗಾಲಿಗೆ ಭಾರ. ಹಗಲು ಬಿಟ್ಟು ಮುಸ್ಸಂಜೆಗೆ ಒಳಗೆ ಕರೆದುಕೊಳ್ಳುವುದೆಂದು ಕೊನೆಗೆ ನಿಶ್ಚಯಿಸಿದೆವು. ಇದು ಸರಿಯೆಂಬ ಖಾತರಿ ನನಗಿಲ್ಲ. ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯೂ ಇಲ್ಲ.

ಹೊರಗೆ ಬಿಟ್ಟ ಮೇಲೆ ಉರುಳಿನ ಮಾತನ್ನು ಎತ್ತದೆ ಗತಿಯಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉರುಳು ಹಾಕುವುದೂ ಬೇಟೆಯೇ; ನಮ್ಮ ಸೀಮೆಯಲ್ಲಿ ಹಂದಿಗೆಂದು ಹಾಕಿದ ಉರುಳಿಗೆ ಚಿರತೆ ಸಿಕ್ಕಿದ್ದೂ ಉಂಟು. ಕಾನೂನಿನ ಮಾತು ಹೇಳಿ ನೆರೆಯ ಗದ್ದೆಯವರನ್ನು ಹೆದರಿಸುವುದು ಸುಲಭವಿತ್ತು. ಹಾಗೆ ಮಾಡದೆ ಅವರ ಗದ್ದೆಯನ್ನು ಹೋಗಿ ನೋಡಿದೆ. ತೆನೆ ಕಟ್ಟಿದ ಪೈರು ಹಂದಿಯ ಹಿಂಡು ನುಗ್ಗಿದ ಮರುದಿನ ಹೇಗಿರುತ್ತದೆಂದು ಅಲ್ಲಿ ನಿಂತರೆ ಗೊತ್ತಾಗುತ್ತದೆ. “ಒಂದ್ ರಾತ್ರಿಗೆ ಗದ್ದಿ ಪೂರಾ ಹೋತ್ತ್. ನಾನ್ ಎಂತ ಮಾಡುದ್ ಹೇಳಿ” ಎಂದರು ಅವರು. ಆ ಪ್ರಶ್ನೆಗೆ ಚುಕ್ಕಿಯ ಕಾಲು ಉತ್ತರವಾಗಲಾರದು. ಇಬ್ಬರ ಗಡಿಗೂ ಸೇರಿ ಸೌರ ಬೇಲಿ ಹಾಕಿಸಿದರೆ ಹೇಗೆ ಎಂದು ಕೇಳಿದ್ದೇನೆ. ಅದರ ತಂತಿ ಪ್ರಾಣಿಯನ್ನು ಬೆಚ್ಚಿಸಿ ಹಿಮ್ಮೆಟ್ಟಿಸುತ್ತದೆ, ಕೊಲ್ಲುವುದಿಲ್ಲ. ಖರ್ಚು ಸಣ್ಣದಲ್ಲ, ಹಳ್ಳದ ಬದಿಯ ಪಾಲು ಯಾರದೆಂಬ ಹಳೆಯ ತಕರಾರೂ ನಡುವೆ ಇದೆ. ನಮ್ಮ ಬದಿಯ ಉರುಳುಗಳನ್ನು ಅವರು ತೆಗೆದಿದ್ದಾರೆ. ಹಳ್ಳದ ಆಚೆಯವು ಇನ್ನೂ ಇವೆ, ಮುಂದಿನ ವಾರ ಅದೇ ಮಾತಿಗೆ ಮತ್ತೆ ಕೂರುವುದೆಂದು ಹೇಳಿಕೊಂಡಿದ್ದೇವೆ.